ಸಣ್ಣ ಬೋಟಿಗೆ ಡೌನ್‌ರಿಗ್ಗರ್ ಎಲ್ಲಿ ಕೂರಿಸೋದು?

ಪ್ರಶ್ನೆ: ಸಾರ್, ನಮ್ಮದು 14 ಅಡಿ ಅಲ್ಯೂಮಿನಿಯಂ ಬೋಟು, ಹಿಂದೆ ಕೂತ್ಕೊಂಡು ಹಿಡಿ ಹಿಡಿದು ತಿರುಗಿಸೋ ಔಟ್‌ಬೋರ್ಡ್ ಇಂಜಿನ್. ಗಾಳವನ್ನ ಆಳಕ್ಕೆ ಇಳಿಸೋಕೆ ಕೈಯಲ್ಲಿ ಸುತ್ತೋ ಡೌನ್‌ರಿಗ್ಗರ್ ಎರಡು ತಗೊಂಡಿದೀನಿ. ಒಬ್ಬ ಫ್ರೆಂಡು ಇಂಜಿನ್ ಪಕ್ಕ ಹಿಂದಿನ ಎರಡೂ ಮೂಲೆಗೆ ಹಾಕು ಅಂತಾನೆ, ಇನ್ನೊಬ್ಬ ಬೋಟಿನ ಮಧ್ಯದಲ್ಲಿ ಆ ಕಡೆ ಒಂದು ಈ ಕಡೆ ಒಂದು ಹಾಕು ಅಂತಾನೆ. ಹೆಚ್ಚಾಗಿ ಒಬ್ಬನೇ ಹೋಗ್ತೀನಿ. ತೂತು ಕೊರೆಯೋಕೆ ಭಯ ಆಗ್ತಿದೆ, ಏನ್ ಮಾಡ್ಲಿ?

ಉತ್ತರ: ಒಬ್ಬನೇ ಹೋಗ್ತೀನಿ ಅಂತ ಕೊನೆಗೆ ಬರೆದಿದೀರಲ್ಲ, ನನ್ನ ಪ್ರಕಾರ ಅದೇ ಮುಖ್ಯ ವಿಷ್ಯ. ಒಂದು ಕೈ ಇಂಜಿನ್ ಹಿಡಿ ಮೇಲೆ ಇದ್ದಾಗ, ಸೀಟಿಂದ ಏಳದೆ, ಇನ್ನೊಂದು ಕೈಗೆ ಡೌನ್‌ರಿಗ್ಗರ್ ಸಿಗ್ಬೇಕು. ಮೊದಲು ಇದು, ಗಾಳ ಎಷ್ಟು ಅಗಲಕ್ಕೆ ಹರಡತ್ತೆ ಅನ್ನೋದೆಲ್ಲ ಆಮೇಲೆ.

ಇದನ್ನ ಬಳಸದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ: ಒಂದು ರೀಲು, ಅದರಿಂದ ಹೊರಕ್ಕೆ ಚಾಚಿರೋ ತೋಳು, ಕೇಬಲ್ ತುದೀಲಿ 8ರಿಂದ 12 ಪೌಂಡಿನ ಗುಂಡು, ಅಂದ್ರೆ ಮೂರೂವರೆಯಿಂದ ಐದೂವರೆ ಕೇಜಿ. ಗಾಳದ ದಾರ ಒಂದು ಕ್ಲಿಪ್ಪಿಗೆ ಸಿಕ್ಕಿಸಿ ಗುಂಡಿನ ಜೊತೆ ಆಳಕ್ಕೆ ಇಳಿಸ್ತಾರೆ, ಮೀನು ಕಚ್ಚಿದ ತಕ್ಷಣ ದಾರ ಕ್ಲಿಪ್ಪಿಂದ ಬಿಟ್ಕೊಳತ್ತೆ.

ಈಗ ಮಧ್ಯದಲ್ಲಿ ಹಾಕೋ ವಿಚಾರ. ಬೋಟು ನಿಧಾನಕ್ಕೆ ಮುಂದೆ ಹೋಗ್ತಿದ್ರೂ ಕೇಬಲ್ ನೆಟ್ಟಗೆ ಕೆಳಗೆ ಇಳಿಯಲ್ಲ, ನೀರು ತಳ್ಳಿ ತಳ್ಳಿ ಹಿಂದಕ್ಕೆ ಓರೆಯಾಗತ್ತೆ, ಸ್ಪೀಡು ಜಾಸ್ತಿ ಆದಷ್ಟೂ ಓರೆ ಜಾಸ್ತಿ. ಮಧ್ಯದಿಂದ ಬಿಟ್ರೆ ಅದು ಬೋಟಿನ ಹೊಟ್ಟೆ ಪಕ್ಕದಲ್ಲೇ ಹಿಂದೆ ಬಂದು ಪ್ರೊಪೆಲ್ಲರ್ ಇರೋ ಕಡೆ ಹಾದು ಹೋಗತ್ತೆ. ನೇರ ಹೋಗ್ವಾಗ ಬಚಾವು, ತಿರುಗಿಸ್ದಾಗ ಕಷ್ಟ. ಎಡಕ್ಕೆ ತಿರುಗಿಸಿದ್ರೆ ಹಿಂಭಾಗ ಬಲಕ್ಕೆ ಜಾರತ್ತೆ, ಎಳಕೊಂಡು ಬರ್ತಿರೋ ಗುಂಡು ಮಾತ್ರ ತಿರುವನ್ನ ಒಳಗಿಂದ ಕತ್ತರಿಸ್ಕೊಂಡು ಬರತ್ತೆ, ಹಾಗಾಗಿ ಬಲಗಡೆ ಕೇಬಲ್ ಬೋಟಿನ ಅಡಿಗೇ ಬಂದ್ಬಿಡತ್ತೆ. ಉದ್ದ ತೋಳು ಇದ್ರೆ ಸ್ವಲ್ಪ ನಿಭಾಯಿಸ್ಬಹುದು, ಆದ್ರೆ ಒಬ್ಬರೇ ಇದ್ದಾಗ ಮಧ್ಯಕ್ಕೆ ಹೋಗಿ ಹ್ಯಾಂಡಲ್ ಸುತ್ತೋರು ಯಾರು?

ಹಿಂದಿನ ಮೂಲೆ ಹೇಳಿದ ಫ್ರೆಂಡು ಪೂರ್ತಿ ತಪ್ಪಲ್ಲ. ಸ್ಟೀರಿಂಗ್ ಇರೋ ದೊಡ್ಡ ಬೋಟಲ್ಲಿ, ಇಬ್ಬರಿದ್ರೆ, ಅಲ್ಲೇ ಚಿಕ್ಕ ತೋಳು ಹಿಂದಕ್ಕೆ ಚಾಚಿ ಹಾಕೋದು ಆರಾಮು. ನಿಮ್ಮ ಬೋಟಲ್ಲಿ ಇಂಜಿನ್, ಪೆಟ್ರೋಲ್ ಟ್ಯಾಂಕು, ನೀವು, ಎಲ್ಲ ಭಾರ ಆಗ್ಲೇ ಹಿಂದೆ ಇದೆ, ಅದರ ಮೇಲೆ ಗುಂಡು ಹಿಡಿಯೋಕೆ ಹಿಂದಕ್ಕೆ ಬಗ್ಗಿದ್ರೆ ಅಲೆ ಒಳಗೇ ಬರತ್ತೆ.

ಹಾಗಾಗಿ ನಾನು ಹೇಳೋದು ಪಕ್ಕದ ಅಂಚಿನ ಮೇಲೆ, ಹಿಂದಿನ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದೆ, ತೋಳು ಹೊರಕ್ಕೆ ಸ್ವಲ್ಪ ಹಿಂದಕ್ಕೆ ತಿರುಗಿರ್ಲಿ. ಅಡಿಯಲ್ಲಿ ತಿರುಗೋ ಬೇಸ್ ಇರ್ಲೇಬೇಕು, ದಡಕ್ಕೆ ಕಟ್ಟುವಾಗ ತೋಳು ಒಳಕ್ಕೆ ತಿರುಗಿಸ್ಬೇಕಲ್ಲ, ಗುಂಡು ಕೈಗೆ ತಗೊಳ್ಳೋಕೂ ಅದೇ ಬೇಕು. ಇಂಜಿನ್ ಹಿಡಿಯನ್ನ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಮೊಣಕೈ ತಾಗ್ಬಾರ್ದು. ಇಂಜಿನ್ ಮೇಲೆತ್ತಿದಾಗ್ಲೂ ಏನೂ ತಗಲಬಾರ್ದು.

ತೂತಿನ ಭಯಕ್ಕೆ ಒಂದು ಉಪಾಯ ಇದೆ. ಬೋಟಿಗೆ ಅಡ್ಡಲಾಗಿ ಈ ಅಂಚಿಂದ ಆ ಅಂಚಿಗೆ ಒಂದು ದಪ್ಪ ಹಲಗೆ ಇಟ್ಟು ಕ್ಲ್ಯಾಂಪ್ ಹಾಕಿ ಬಿಗಿ ಮಾಡಿ, ಡೌನ್‌ರಿಗ್ಗರ್ ಎರಡನ್ನೂ ಅದರ ತುದಿಗೆ ಕೂರಿಸಿ. ಹಿಂದೆ ಮುಂದೆ ಸರಿಸಿ ನೋಡಿ, ಸರಿಹೋದ ಜಾಗಕ್ಕೆ ಗುರುತು ಹಾಕ್ಕೊಳ್ಳಿ. ಕೆಲವರು ಆ ಹಲಗೆಯನ್ನೇ ಕಾಯಂ ಮಾಡ್ಕೊಂಡಿರ್ತಾರೆ, ಅದ್ರಲ್ಲೂ ತಪ್ಪೇನಿಲ್ಲ.

ಕೊರೆಯೋದೇ ಆದ್ರೆ ಗುಂಡಿನ ತೂಕ ನೋಡಿ ಮೋಸ ಹೋಗ್ಬೇಡಿ. ಐದು ಕೇಜಿ ಏನ್ ಮಹಾ ಅನ್ಸತ್ತೆ, ಆದ್ರೆ ಗುಂಡು ತಳದಲ್ಲಿ ಬಂಡೆಗೋ ಮರದ ದಿಮ್ಮಿಗೋ ಸಿಕ್ಕಾಕೊಂಡ್ರೆ ಇಡೀ ಬೋಟಿನ ಎಳೆತ ಆ ಬೇಸಿನ ಮೇಲೆ ಬೀಳತ್ತೆ, ಕೇಬಲ್ಲೋ 150 ಪೌಂಡ್ ತಡಕೊಳ್ಳೋದು, ಅಷ್ಟು ಸುಲಭಕ್ಕೆ ಹರಿಯಲ್ಲ, ಜೊತೆಗೆ ತೋಳು ಸನ್ನೆಕೋಲಿನ ಹಾಗೆ ಅಂಚನ್ನ ಮೀಟತ್ತೆ. ತೆಳು ಅಲ್ಯೂಮಿನಿಯಂ ಅಂಚು ತಿರುಚಿಕೊಳ್ಳತ್ತೆ. ಸ್ಕ್ರೂ ಬೇಡವೇ ಬೇಡ, ಆರುಪಾರು ಹೋಗೋ ಸ್ಟೇನ್‌ಲೆಸ್ ಬೋಲ್ಟು ಹಾಕಿ, ಅಡಿಗೆ ಬೇಸಿಗಿಂತ ಅಗಲವಾದ ದಪ್ಪ ಅಲ್ಯೂಮಿನಿಯಂ ಪ್ಲೇಟ್ ಕೊಡಿ. ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ಒಟ್ಟಿಗೆ ನೆನೆದ್ರೆ, ಅದರಲ್ಲೂ ಉಪ್ಪುನೀರಲ್ಲಿ, ಅಲ್ಯೂಮಿನಿಯಂ ತಿಂದುಹೋಗತ್ತೆ, ಅದಕ್ಕೇ ನೈಲಾನ್ ವಾಷರ್, ಮರೀನ್ ಸೀಲೆಂಟ್. ತಾಮ್ರದ ಔಷಧಿ ಹಾಕಿರೋ ಮರವನ್ನೂ ಅಲ್ಯೂಮಿನಿಯಮ್ಮಿಗೆ ತಾಗಿಸ್ಬೇಡಿ. ರೀಲಿನ ಬ್ರೇಕನ್ನ ಮಾತ್ರ ಪೂರ್ತಿ ಬಿಗಿ ಮಾಡ್ಬೇಡಿ, ಜೋರಾಗಿ ಎಳೆದ್ರೆ ಕೇಬಲ್ ಬಿಡೋ ಹಾಗೆ ಇರ್ಲಿ, ಕೈಗೆ ಸಿಗೋ ಹಾಗೆ ಒಂದು ವೈರ್ ಕಟರ್ ಇಟ್ಕೊಳ್ಳಿ.

ಇನ್ನೊಂದು, ಎರಡು ತಗೊಂಡಿದೀರಿ ಅಂತ ಎರಡನ್ನೂ ಒಟ್ಟಿಗೆ ಇಳಿಸ್ಬೇಕಿಲ್ಲ. ಒಬ್ಬರೇ ಇರೋವಾಗ ಒಂದೇ ಸಾಕು, ಮೀನು ಬಿದ್ದ ಹೊತ್ತಲ್ಲಿ ಇನ್ನೊಂದು ಕೇಬಲ್ ನೀರಲ್ಲಿದ್ರೆ ದಾರ ಹೋಗಿ ಅದಕ್ಕೇ ಸುತ್ಕೊಳತ್ತೆ.

ಪ್ರಶ್ನೆ: ನಮ್ಮದು ಎಲೆಕ್ಟ್ರಿಕ್ ಡೌನ್‌ರಿಗ್ಗರ್. ಜಾಗ ಬೇರೆ ನೋಡ್ಬೇಕಾ?

ಉತ್ತರ: ಜಾಗದ ಲೆಕ್ಕ ಅದೇ. ಸ್ವಿಚ್ ಒತ್ತಿದ್ರೆ ಸಾಕಾದ್ದರಿಂದ ಕೈ ಆಡಿಸೋ ಜಾಗ ಕಮ್ಮಿ ಸಾಕು, ಆದ್ರೆ ಯಂತ್ರ ಭಾರ, ಪ್ಲೇಟ್ ಇನ್ನೂ ಗಟ್ಟಿ ಬೇಕು. ಕಂಪನಿ ಹೇಳಿದ ದಪ್ಪದ ವೈರೇ ಎಳೀರಿ, ಫ್ಯೂಸು ಅಥವಾ ಬ್ರೇಕರ್ ಬ್ಯಾಟರಿ ಹತ್ರಾನೇ ಇರ್ಲಿ. ಸ್ಪೀಡಾಗಿ ಓಡಿಸೋ ಮುಂಚೆ ಗುಂಡನ್ನ ಬಿಚ್ಚಿ ಕೆಳಗಿಡಿ, ತೋಳಿನ ತುದೀಲಿ ನೇತಾಡೋಕೆ ಬಿಟ್ರೆ ಬೋಟಿನ ಪಕ್ಕಕ್ಕೇ ಹೊಡೆಯತ್ತೆ.