ಓದುಗರ ಪ್ರಶ್ನೆಗೆ ಉತ್ತರ: ನರೇನ್ ಕಾರ್ತಿಕೇಯನ್‌ಗೆ ಆ 4ನೇ ಸ್ಥಾನ ಪುಕ್ಕಟೆ ಸಿಕ್ತಾ?

ಪ್ರಶ್ನೆ: ಸರ್, ನಾನು ಚಿಕ್ಕೋನಿದ್ದಾಗಿಂದ ನಮ್ಮ ಫಾರ್ಮುಲಾ 1 ಕಾರ್ ರೇಸ್ ಡ್ರೈವರ್ ನರೇನ್ ಕಾರ್ತಿಕೇಯನ್ ಫ್ಯಾನ್. ನಮ್ಮ ಫ್ರೆಂಡ್ಸ್ ಮಾತ್ರ "ಆರೇ ಕಾರು ಓಡಿದ ರೇಸಲ್ಲಿ ನಾಲ್ಕನೇ ಸ್ಥಾನ ಬಂದಿದ್ದು ಯಾವ ದೊಡ್ಡ ಸಾಧನೆ" ಅಂತ ಆಡ್ಕೋತಾರೆ. ನಿಜವಾಗ್ಲೂ ಅಷ್ಟೇನಾ? (ದಾವಣಗೆರೆಯಿಂದ ಒಬ್ಬ ಓದುಗ)

ಉತ್ತರ: ಆರೇ ಕಾರು ಓಡಿದ್ದು ನಿಜ. 2005ರ ಜೂನ್ 19, ಅಮೆರಿಕದ ಇಂಡಿಯಾನಾಪೊಲಿಸ್. ಅಲ್ಲಿ ಮೇನ್ ಸ್ಟ್ರೇಟ್‌ಗೆ ಬರೋ ತಿರುವು ಒಂದು ಕಡೆ ಎತ್ತರಿಸಿ ಕಟ್ಟಿರೋದು, ಆ ಸ್ಪೀಡಲ್ಲಿ ಕಾರಿನ ಭಾರ ಎಲ್ಲಾ ಹೊರಗಡೆ ಟೈರ್ ಮೇಲೆ ಬೀಳುತ್ತೆ, ಮಿಶೆಲಿನ್ ಟೈರ್ ಅದನ್ನ ತಡ್ಕೊಳ್ಳಲಿಲ್ಲ, ಶುಕ್ರವಾರದ ಪ್ರಾಕ್ಟೀಸಲ್ಲೇ ರಾಲ್ಫ್ ಶೂಮಾಕರ್ ಕಾರು ಹೋಗಿ ಗೋಡೆಗೆ ಗುದ್ದಿತ್ತು. ಭಾನುವಾರ ಆ ಟೈರಿನ 14 ಕಾರೂ ಫಾರ್ಮೇಶನ್ ಲ್ಯಾಪ್ (ರೇಸ್ ಶುರುವಾಗೋಕೆ ಮುಂಚಿನ ಸುತ್ತು) ಮುಗಿಸಿ ಸೀದಾ ಪಿಟ್ (ಟೀಮಿನವರು ಕಾರು ರಿಪೇರಿ ಮಾಡೋ ಜಾಗ) ಒಳಗೆ ಹೋಗ್ಬಿಟ್ವು. ಉಳಿದಿದ್ದು ಬ್ರಿಜ್‌ಸ್ಟೋನ್ ಟೈರ್ ಹಾಕಿದ್ದ ಫೆರಾರಿ, ಜೋರ್ಡನ್, ಮಿನಾರ್ಡಿ ಅಷ್ಟೇ. ಜನ ಸಿಟ್ಟಲ್ಲಿ ಟ್ರ್ಯಾಕ್‌ಗೆ ಬಾಟಲಿ ಎಸೆದ್ರು. ಅಂಥ ದಿನ ಜೋರ್ಡನ್ ಕಾರಲ್ಲಿ ನರೇನ್ 4ನೇ ಸ್ಥಾನಕ್ಕೆ ಬಂದು 5 ಪಾಯಿಂಟ್ ತಗೊಂಡ್ರು, ಫಾರ್ಮುಲಾ 1ರಲ್ಲಿ ಭಾರತದ ಡ್ರೈವರ್‌ಗೆ ಇವತ್ತಿನವರೆಗೂ ಸಿಕ್ಕಿರೋ ಪಾಯಿಂಟ್ ಅವಷ್ಟೇ.

ಆದ್ರೆ ನಿಮ್ಮ ಫ್ರೆಂಡ್ಸ್‌ಗೆ ಬೇರೆ ಎರಡು ರೇಸ್ ತೋರಿಸಿ. ಒಂದು, ಅದೇ ವರ್ಷ ಮಾರ್ಚಲ್ಲಿ ಮೆಲ್ಬರ್ನ್, ನರೇನ್‌ಗೆ ಜೀವನದ ಮೊದಲ ಗ್ರ್ಯಾನ್ ಪ್ರಿ (ಫಾರ್ಮುಲಾ 1 ರೇಸ್), ಮಳೆ ಆಟ ಆಡಿದ ಕ್ವಾಲಿಫೈಯಿಂಗಲ್ಲಿ (ರೇಸಲ್ಲಿ ಯಾರು ಎಲ್ಲಿ ನಿಂತು ಶುರು ಮಾಡ್ಬೇಕು ಅಂತ ತೀರ್ಮಾನ ಮಾಡೋ ಓಟ) ಹಿಂದಿನ ಸಾಲಿನ ಟೀಮಿನ ಕಾರು ಇಟ್ಕೊಂಡು 12ನೇ ಜಾಗ ಹಿಡಿದ್ರು. ಇನ್ನೊಂದು 2011ರ ಅಕ್ಟೋಬರ್ 30, ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್. ಕಾರು ಎಚ್‌ಆರ್‌ಟಿ ಅನ್ನೋ ಸಣ್ಣ ಟೀಮಿಂದು, ರೇಸಿನ ನಿಧಾನದ ಕಾರುಗಳಲ್ಲೊಂದು. ಆ ಸೀಸನ್ ನಡುವೆ ಟೀಮು ನರೇನ್‌ನ ಇಳಿಸಿ ಡೇನಿಯಲ್ ರಿಕಾರ್ಡೊ ಅನ್ನೋ ಹುಡುಗನನ್ನ ಕೂರಿಸಿತ್ತು, ಭಾರತದ ರೇಸ್ ಅಂತ ನರೇನ್‌ಗೆ ಮತ್ತೆ ಒಂದು ಕಾರು ಸಿಕ್ತು, ಅದೇ ರಿಕಾರ್ಡೊ ಪಕ್ಕದ ಕಾರಲ್ಲಿ. ರೇಸ್ ಮುಗಿದಾಗ ನರೇನ್ 17ನೇ ಸ್ಥಾನ, ರಿಕಾರ್ಡೊ 18ನೇ ಸ್ಥಾನ. ಆ ಹುಡುಗ ಮುಂದೆ 8 ಗ್ರ್ಯಾನ್ ಪ್ರಿ ಗೆದ್ದ. ಒಬ್ಬ ಡ್ರೈವರ್‌ನ ತೂಕ ಹಾಕೋಕೆ ಒಂದೇ ಥರದ ಕಾರಲ್ಲಿ ಕೂತಿರೋ ಟೀಮ್‌ಮೇಟ್‌ಗಿಂತ ಒಳ್ಳೆ ಅಳತೆ ಬೇರೆ ಇಲ್ಲ, ಆ ಅಳತೇಲಿ ಅವತ್ತು ನರೇನ್ ಗೆದ್ದಿದ್ರು, ನಮ್ಮ ಜನಕ್ಕೆ ಇದು ನೆನಪೇ ಇಲ್ಲ ಅನ್ನೋದು ನನಗೆ ತುಂಬಾ ಬೇಜಾರು.

ಪ್ರಶ್ನೆ: ಅಷ್ಟು ಪ್ರತಿಭೆ ಇದ್ರೆ ಒಂದೇ ಟೀಮಲ್ಲಿ ಯಾಕೆ ನಿಲ್ಲಲಿಲ್ಲ? ಫಾರ್ಮುಲಾ 1 ಬಿಟ್ಮೇಲೆ ಏನು ಮಾಡಿದ್ರು? (ಶಿವಮೊಗ್ಗದ ಓದುಗರು)

ಉತ್ತರ: ಒಂದೇ ಮಾತಲ್ಲಿ ಹೇಳ್ಬೇಕು ಅಂದ್ರೆ ಸೀಟು. ರೇಸ್ ಡ್ರೈವರ್ ಜೀವನ ಅಂದ್ರೆ ಅರ್ಧ ಓಡಿಸೋದು, ಅರ್ಧ ಮುಂದಿನ ವರ್ಷದ ಸೀಟು ಹುಡುಕೋದು. ಸಣ್ಣ ಟೀಮುಗಳಿಗೆ ದುಡ್ಡಿರಲ್ಲ, ಡ್ರೈವರ್ರೇ ಸ್ಪಾನ್ಸರ್ ಕರ್ಕೊಂಡು ಬರ್ಬೇಕು, ಸ್ಪಾನ್ಸರ್ ಹೋದ್ರೆ ಸೀಟೂ ಹೋಯ್ತು. ನರೇನ್ ಹುಟ್ಟಿದ್ದು 1977ರಲ್ಲಿ, ಊರು ಕೊಯಮತ್ತೂರು, ಅಪ್ಪ ರ‍್ಯಾಲಿ ಚಾಂಪಿಯನ್. ಶ್ರೀಪೆರಂಬದೂರಲ್ಲಿ ಫಾರ್ಮುಲಾ ಮಾರುತಿ ಓಡಿಸಿ, ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಸ್ಕೂಲಲ್ಲಿ ಕಲಿತು, 1996ರಲ್ಲಿ ಫಾರ್ಮುಲಾ ಏಷ್ಯಾ ಚಾಂಪಿಯನ್ ಆಗಿ, ಬ್ರಿಟಿಷ್ ಫಾರ್ಮುಲಾ 3ರಲ್ಲೂ ರೇಸ್ ಗೆದ್ದು, 2001ರ ಜೂನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಲ್ಲಿ ಜಾಗ್ವಾರ್ ಟೀಮಿನ ಫಾರ್ಮುಲಾ 1 (ಎಫ್1) ಕಾರು ಟೆಸ್ಟ್ ಮಾಡಿದ್ರು. ಅದಕ್ಕೂ ಮುಂಚೆ ಯಾವ ಭಾರತೀಯನೂ ಎಫ್1 ಕಾರು ಓಡಿಸಿರಲಿಲ್ಲ. ಆದ್ರೂ ಗ್ರಿಡ್‌ಗೆ ಬರೋಕೆ ಇನ್ನೂ ನಾಲ್ಕು ವರ್ಷ ಬೇಕಾಯ್ತು, ಟಾಟಾ ಬೆನ್ನಿಗೆ ನಿಂತಿದ್ದಕ್ಕೆ 2005 ಸಾಧ್ಯ ಆಯ್ತು.

ಆಮೇಲೆ ವಿಲಿಯಮ್ಸ್ ಅನ್ನೋ ಎಫ್1 ಟೀಮಲ್ಲಿ ಟೆಸ್ಟ್ ಡ್ರೈವರ್. 2007ರ ಡಿಸೆಂಬರಲ್ಲಿ ಎ1ಜಿಪಿ ಅನ್ನೋ ದೇಶ ದೇಶಗಳ ತಂಡಗಳ ರೇಸ್ ಸರಣೀಲಿ ಚೀನಾದ ಝುಹಾಯ್ ರೇಸ್ ಗೆದ್ದು ಭಾರತ ತಂಡಕ್ಕೆ ಮೊದಲ ಗೆಲುವು ತಂದ್ರು. 2009ರ ಲೆ ಮಾನ್ಸ್ ಕಥೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ, 24 ಗಂಟೆ ರೇಸು, ಕೈಯಲ್ಲಿ ಆಡಿ ಕಾರು, ಇನ್ನೇನು ಸ್ಟಾರ್ಟ್ ಅನ್ನೋ ಹೊತ್ತಿಗೆ ಪಿಟ್ ಗೋಡೆ ದಾಟುವಾಗ ಬಿದ್ದು ಭುಜದ ಕೀಲು ತಪ್ಪಿತು. ಆ ಕಾರನ್ನ ಉಳಿದ ಇಬ್ಬರೇ ಓಡಿಸಿ ಮುಗಿಸಿದ್ರು. ಮರುವರ್ಷ ಅಮೆರಿಕಕ್ಕೆ ಹೋಗಿ ನಾಸ್ಕಾರ್ ಟ್ರಕ್ ರೇಸ್, 2011, 2012ರಲ್ಲಿ ಎಚ್‌ಆರ್‌ಟಿ. ಆ ಟೀಮಿನ 2011ರ ಕಾರು ಒಂದೇ ಒಂದು ದಿನ ಟೆಸ್ಟ್ ಆಗದೆ ಮೆಲ್ಬರ್ನ್‌ಗೆ ಬಂದಿತ್ತು. ಕ್ವಾಲಿಫೈಯಿಂಗಲ್ಲಿ 107% ರೂಲ್ ಅಂತ ಇದೆ, ಎಲ್ಲರಿಗಿಂತ ವೇಗದವನು 100 ಸೆಕೆಂಡಲ್ಲಿ ಬಂದ್ರೆ ನೀನು 107ರ ಒಳಗೆ ಬರ್ಬೇಕು, ಇಲ್ಲಾಂದ್ರೆ ರೇಸ್ ಇಲ್ಲ. ಎಚ್‌ಆರ್‌ಟಿಯ ಎರಡೂ ಕಾರು ಅವತ್ತು ಹೊರಗೆ. ಇದಕ್ಕೆ ಡ್ರೈವರ್‌ನ ಬೈದು ಏನು ಪ್ರಯೋಜನ ಹೇಳಿ. 2012 ಮುಗಿಯೋ ಹೊತ್ತಿಗೆ ಟೀಮೇ ಮುಚ್ಚಿಹೋಯ್ತು.

ನನಗೆ ನರೇನ್ ಮೇಲೆ ಗೌರವ ಜಾಸ್ತಿ ಆಗಿದ್ದು ಇದಾದ್ಮೇಲೆ. 2001ರಲ್ಲಿ ಜಪಾನಲ್ಲಿ ಫಾರ್ಮುಲಾ ನಿಪ್ಪಾನ್ ಓಡಿಸಿದ್ರಲ್ಲ, ಅದೇ ಸರಣಿ ಸೂಪರ್ ಫಾರ್ಮುಲಾ ಅಂತ ಹೆಸರು ಬದಲಾಯಿಸ್ಕೊಂಡಿತ್ತು, 2014ರಲ್ಲಿ ವಾಪಸ್ ಅಲ್ಲಿಗೇ ಹೋಗಿ 2018ರವರೆಗೂ ಓಡಿಸಿದ್ರು. ತಿರುವಲ್ಲಿ ಎಫ್1ಗೆ ಹತ್ತಿರ ಬರೋ ವೇಗದ ಕಾರುಗಳವು, ಎದುರಿಗಿರೋರಲ್ಲಿ ಬಹಳ ಜನ ವಯಸ್ಸಲ್ಲಿ ಚಿಕ್ಕೋರು. 2019ರ ನವೆಂಬರಲ್ಲಿ ಫುಜಿಯಲ್ಲಿ ಜಪಾನಿನ ಸೂಪರ್ ಜಿಟಿ, ಜರ್ಮನಿಯ ಡಿಟಿಎಂ ಕಾರುಗಳನ್ನ ಒಟ್ಟಿಗೆ ಓಡಿಸಿದ ಸ್ಪೆಷಲ್ ರೇಸಿನ ಎರಡನೇ ದಿನ ಹೋಂಡಾ ಎನ್‌ಎಸ್‌ಎಕ್ಸ್ ಕಾರಲ್ಲಿ ಗೆದ್ದಿದ್ದು ಯಾರು ಅಂದ್ಕೊಂಡ್ರಿ, ನಮ್ಮ ನರೇನೇ, ವಯಸ್ಸು 42. ಕೊಯಮತ್ತೂರಲ್ಲಿ ಹಳೇ ಬೈಕುಗಳ ವ್ಯಾಪಾರದ ಡ್ರೈವ್‌ಎಕ್ಸ್ ಕಂಪನಿ ಕಟ್ಟಿದ್ದೂ ಇವರೇ.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ರೇಸ್ ಡ್ರೈವರ್ ಆಗ್ತೀನಿ ಅಂತಾಳೆ. ಬೆಂಗಳೂರಲ್ಲಿ ಇದ್ದೀವಿ. ಎಲ್ಲಿಂದ ಶುರು ಮಾಡೋದು? (ಒಬ್ಬ ತಾಯಿ)

ಉತ್ತರ: ಮೇಡಂ, ಕಾರ್ಟಿಂಗಿಂದಾನೇ (ಚಿಕ್ಕ ಓಪನ್ ರೇಸ್ ಗಾಡಿ ಓಡಿಸೋದು) ಶುರು ಮಾಡಿ, ಬೇರೆ ದಾರಿ ಇಲ್ಲ. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರು ಬಂದಿದ್ದೂ ಹಾಗೇ. ಅರ್ಜುನ್ ಫಾರ್ಮುಲಾ 1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರವರೆಗೆ ಹೋಗಿ ಆಮೇಲೆ ಡಿಟಿಎಂನಲ್ಲಿ ಸೀಟು ಹಿಡಿದ್ರು, ಕುಶ್ 2025ರ ಮೇನಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ರು. ಈಗಲೇ ಸ್ವಂತ ಕಾರ್ಟ್ ಕೊಳ್ಳೋಕೆ ಹೋಗ್ಬೇಡಿ, ಕೆಲವು ತಿಂಗಳು ಟ್ರ್ಯಾಕಿನ ಬಾಡಿಗೆ ಕಾರ್ಟಲ್ಲಿ ಓಡಿಸಲಿ, ಲ್ಯಾಪ್ ಟೈಮ್ ಶೀಟ್ ಕೊಡ್ತಾರೆ, ಅದನ್ನ ಎತ್ತಿಡಿ. ಒಂದೇ ಒಂದು ಫಾಸ್ಟ್ ಲ್ಯಾಪ್ ನೋಡಿ ಹಿಗ್ಗೋದಕ್ಕಿಂತ ಹತ್ತು ಲ್ಯಾಪೂ ಒಂದೇ ಟೈಮ್ ಹತ್ರ ಬರ್ತಿದ್ಯಾ ನೋಡಿ, ಕೋಚ್‌ಗಳು ಮೊದಲು ನೋಡೋದು ಅದನ್ನೇ. ಹೆಲ್ಮೆಟ್ ಮಾತ್ರ ಅವಳ ತಲೆ ಅಳತೆಗೆ ಸರಿಯಾಗಿರೋದು ಸ್ವಂತದ್ದೇ ಕೊಡಿಸಿ, ಬೆಳೆಯೋ ಮಗು ಅಂತ ಒಂದು ಸೈಜ್ ದೊಡ್ಡದು ಬೇಡ. ಖರ್ಚಿನ ವಿಷಯ ಅವಳ ಹತ್ರ ಮುಚ್ಚಿಡಬೇಡಿ, ಮುಂದೆ ಸ್ಪಾನ್ಸರ್ ಎದುರು ಕೂತು ಮಾತಾಡ್ಬೇಕಾದೋಳು ಅವಳೇ.