ಓದುಗರ ಪ್ರಶ್ನೆ, ನಮ್ಮ ಉತ್ತರ: ಬಿಎಫ್‌ಸಿ ಏಷ್ಯಾದ ಫೈನಲ್ ಆಡಿದ 2016

ಪ್ರಶ್ನೆ: ಏಷ್ಯಾದ ಕ್ಲಬ್‌ಗಳ ಫುಟ್‌ಬಾಲ್ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು 3–1ರಿಂದ ಸೋಲಿಸಿತು. 2–1 ಆಗಿದ್ದರೂ ಗೆಲುವೇ ತಾನೆ? ಮೂರನೇ ಗೋಲಿಗೆ ಯಾಕೆ ಅಷ್ಟು ಬೆಲೆ? (ಹಾಸನದ ಓದುಗರು)

ಉತ್ತರ: 2–1ರಲ್ಲೇ ಆಟ ಮುಗಿದಿದ್ದರೆ ಬಿಎಫ್‌ಸಿಯೇ ಫೈನಲ್‌ಗೆ ಹೋಗುತ್ತಿತ್ತು, ನಿಜ. ಆದರೆ ಆ ಸ್ಕೋರಿನಲ್ಲಿ ಜೊಹೊರ್ ಒಂದೇ ಒಂದು ಗೋಲು ಹೊಡೆದರೂ ಬಿಎಫ್‌ಸಿ ಹೊರಬೀಳುತ್ತಿತ್ತು. ಹೇಗೆಂದು ನೋಡಿ.

ಸೆಮಿಫೈನಲ್ ಎರಡು ಪಂದ್ಯಗಳದು. ಮಲೇಷ್ಯಾದಲ್ಲಿ ನಡೆದ ಮೊದಲ ಪಂದ್ಯ 1–1. ಬಿಎಫ್‌ಸಿಯ ಆ ಗೋಲು ಯೂಜೀನ್‌ಸನ್ ಲಿಂಗ್ಡೊ ಅವರದು, ಎದುರಾಳಿಯ ಅಂಗಳದಲ್ಲಿ ಬಂದದ್ದು. ಎರಡು ಪಂದ್ಯಗಳ ಒಟ್ಟು ಗೋಲು ಸಮವಾದರೆ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು (ಹೊರಗಿನ ಗೋಲು) ಹೊಡೆದವರು ಮುಂದಕ್ಕೆ ಎಂಬುದು ಆಗಿನ ನಿಯಮ. ಹಾಗಾಗಿ ಅಕ್ಟೋಬರ್ 19ರಂದು ಕಂಠೀರವದಲ್ಲಿ ಆಟ ಶುರುವಾದಾಗ ಬಿಎಫ್‌ಸಿಗೆ 0–0 ಸಾಕಿತ್ತು. 11ನೇ ನಿಮಿಷದಲ್ಲಿ ಸಫೀಕ್ ರಹೀಂ ಗೋಲು ಹೊಡೆದು ಆ ಅನುಕೂಲವನ್ನು ಅಳಿಸಿಹಾಕಿದರು. ಒಟ್ಟು ಲೆಕ್ಕ ಜೊಹೊರ್ ಪರ 2–1 ಆಯಿತು.

ವಿರಾಮಕ್ಕೆ ಸ್ವಲ್ಪ ಮುಂಚೆ ಕಾರ್ನರ್‌ನಿಂದ ಬಂದ ಚೆಂಡಿಗೆ ಸುನಿಲ್ ಚೆಟ್ರಿ ತಲೆ ಕೊಟ್ಟು 1–1 ಮಾಡಿದರು. ಒಟ್ಟು 2–2, ಎದುರಾಳಿಯ ಅಂಗಳದ ಗೋಲೂ ಇಬ್ಬರಿಗೂ ತಲಾ ಒಂದು. ಹಾಗೇ ಮುಗಿದಿದ್ದರೆ ಹೆಚ್ಚುವರಿ ಸಮಯ. ದ್ವಿತೀಯಾರ್ಧದಲ್ಲಿ ಚೆಟ್ರಿ ದೂರದಿಂದಲೇ ಬಾರಿಸಿದ ಹೊಡೆತ ಬಲೆ ಸೇರಿತು: ಒಟ್ಟು 3–2. ಅಪಾಯ ಇದ್ದದ್ದು ಇಲ್ಲೇ. ಜೊಹೊರ್ ಇನ್ನೊಂದು ಹೊಡೆದಿದ್ದರೆ ಒಟ್ಟು 3–3 ಆಗಿ, ಹೊರಗಿನ ಗೋಲು ಅವರಿಗೆ ಎರಡು, ಬಿಎಫ್‌ಸಿಗೆ ಒಂದು. ಹೆಚ್ಚುವರಿ ಸಮಯದ ಮಾತೇ ಇಲ್ಲದೆ ಜೊಹೊರ್ ಫೈನಲ್‌ಗೆ. ಸುಮಾರು ಕಾಲು ಗಂಟೆ ಉಳಿದಿರುವಾಗ ಸ್ಪೇನಿನ ಡಿಫೆಂಡರ್ ಹುವಾನನ್ ಮೂರನೆಯದನ್ನು ಹೊಡೆದ ಮೇಲೆ ಜೊಹೊರ್‌ಗೆ ಒಂದು ಗೋಲು ಸಾಲದಾಯಿತು, ಎರಡು ಬೇಕಾಯಿತು. ಆ ರಾತ್ರಿಯ ನೆನಪಲ್ಲಿ ಚೆಟ್ರಿಯ ದೂರದ ಹೊಡೆತವೇ ಮೊದಲು ಬರುತ್ತದೆ, ಬರಬೇಕಾದದ್ದೇ. ಆದರೆ ಪಂದ್ಯವನ್ನು ಭದ್ರ ಮಾಡಿದ್ದು ಹುವಾನನ್ ಗೋಲು ಎಂಬುದೇ ನಮ್ಮ ಅಭಿಪ್ರಾಯ.

ಪ್ರಶ್ನೆ: ಗುಂಪಿನಲ್ಲೇ ಜೊಹೊರ್ ಎದುರು ಸೋತ ತಂಡ ಸೆಮಿಫೈನಲ್‌ನಲ್ಲಿ ಮತ್ತೆ ಅವರನ್ನೇ ಎದುರಿಸಿದ್ದು ಹೇಗೆ? (ಶಿವಮೊಗ್ಗದ ವಿದ್ಯಾರ್ಥಿನಿ)

ಉತ್ತರ: ಎಂಟು ಗುಂಪು, ಪ್ರತಿ ಗುಂಪಿನಲ್ಲಿ ನಾಲ್ಕು ತಂಡ, ಮೊದಲ ಎರಡು ಸ್ಥಾನದವರು ನಾಕೌಟ್‌ಗೆ. ಬಿಎಫ್‌ಸಿಯ ಗುಂಪಿನಲ್ಲಿ ಹಾಲಿ ಚಾಂಪಿಯನ್ ಜೊಹೊರ್, ಮ್ಯಾನ್ಮಾರ್‌ನ ಅಯೆಯಾವಡಿ ಯುನೈಟೆಡ್ ಮತ್ತು ಲಾವೋ ಟೊಯೊಟಾ ಇದ್ದವು. ಜೊಹೊರ್ ಮೊದಲ ಸ್ಥಾನ ಪಡೆದರೆ ಬಿಎಫ್‌ಸಿ ಎರಡನೆಯದು.

16ರ ಘಟ್ಟದಲ್ಲಿ ಒಂದೇ ಪಂದ್ಯ, ಅದೂ ಗುಂಪಿನ ಅಗ್ರಸ್ಥಾನಿಯ ತವರಿನಲ್ಲಿ. ಎರಡನೇ ಸ್ಥಾನಕ್ಕೆ ತೆರಬೇಕಾದ ಬೆಲೆ ಅದು. ಬಿಎಫ್‌ಸಿ ಹಾಂಗ್‌ಕಾಂಗ್‌ಗೆ ಹೋಗಿ ಕಿಚಿ ತಂಡವನ್ನು 3–2ರಿಂದ ಮಣಿಸಿತು. ಕ್ವಾರ್ಟರ್‌ಫೈನಲ್ ಎದುರಾಳಿ ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್. ಗುವಾಹಟಿಯಲ್ಲಿ ಹೆಚ್ಚುವರಿ ಸಮಯದ ಆಟದಲ್ಲಿ ಮೋಹನ್ ಬಾಗಾನ್ ತಂಡವನ್ನು ಮನೆಗೆ ಕಳಿಸಿದ ತಂಡವದು. ಬೆಂಗಳೂರಿನಲ್ಲಿ ಸಿ.ಕೆ. ವಿನೀತ್ ಗೋಲಿನಿಂದ 1–0, ಸಿಂಗಪುರದಲ್ಲಿ 0–0. ತವರಿನಲ್ಲಿ ಗೋಲು ಬಿಟ್ಟುಕೊಡದಿದ್ದುದರ ಫಲ ಎರಡನೇ ಪಂದ್ಯದಲ್ಲಿ ಸಿಕ್ಕಿತು: ಅಲ್ಲಿ ಬಿಎಫ್‌ಸಿ ಒಂದು ಗೋಲು ಹೊಡೆದಿದ್ದರೆ ಟ್ಯಾಂಪಿನ್ಸ್‌ಗೆ ಮೂರು ಬೇಕಾಗುತ್ತಿತ್ತು. ಫೈನಲ್‌ವರೆಗೂ ಪೂರ್ವ ಏಷ್ಯಾ, ಪಶ್ಚಿಮ ಏಷ್ಯಾ ತಂಡಗಳನ್ನು ಬೇರೆಬೇರೆಯಾಗಿಯೇ ಆಡಿಸುತ್ತಿದ್ದುದರಿಂದ ಹಳೆಯ ಎದುರಾಳಿ ಮತ್ತೆ ಸಿಗುವುದು ಸಹಜವೇ ಆಗಿತ್ತು.

ಇನ್ನೊಂದು ವಿಷಯ. ಹಾಂಗ್‌ಕಾಂಗ್ ಪಂದ್ಯ ಮೇ ತಿಂಗಳಲ್ಲಿ, ಕ್ವಾರ್ಟರ್‌ಫೈನಲ್ ಸೆಪ್ಟೆಂಬರ್‌ನಲ್ಲಿ. ನಡುವೆ ಕೋಚ್ ಆ್ಯಶ್ಲಿ ವೆಸ್ಟ್‌ವುಡ್ ಹೋಗಿ, ಹಿಂದೆ ಬಾರ್ಸಿಲೋನಾದಲ್ಲಿ ಸಹಾಯಕ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಬಂದರು. ಒಂದೇ ಟೂರ್ನಿಯನ್ನು ಇಬ್ಬರು ಕೋಚ್‌ಗಳ ಕೈಯಲ್ಲಿ ಆಡಿ ಫೈನಲ್ ತಲುಪುವುದು ಸಣ್ಣ ಮಾತಲ್ಲ.

ಪ್ರಶ್ನೆ: ಬಾಗ್ದಾದ್ ಕ್ಲಬ್ ವಿರುದ್ಧದ ಫೈನಲ್ ಕತಾರ್‌ನಲ್ಲಿ ನಡೆದದ್ದೇಕೆ? ಸೋತದ್ದು ಎಲ್ಲಿ? (ದೋಹಾದಲ್ಲಿರುವ ಮಂಗಳೂರಿನ ಓದುಗರು)

ಉತ್ತರ: ಆ ವರ್ಷ ಫೈನಲ್‌ನ ಆತಿಥ್ಯ ಪಶ್ಚಿಮದ ತಂಡಕ್ಕೆ ಸೇರಿತ್ತು. ಇರಾಕ್ ಕ್ಲಬ್‌ಗಳು ಆಗ ತಮ್ಮ ನೆಲದಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡುವಂತಿರಲಿಲ್ಲ. ಇರಾಕ್ ವಾಯುಪಡೆಯ ಕ್ಲಬ್ ಆದ ಅಲ್ ಕುವಾ ಅಲ್ ಜವಿಯಾಗೆ ದೋಹಾವೇ ತವರಾಗಿತ್ತು. ನಿಮ್ಮ ಊರಿನ ಸುಹೈಮ್ ಬಿನ್ ಹಮದ್ ಕ್ರೀಡಾಂಗಣದಲ್ಲೇ ನವೆಂಬರ್ 5ರಂದು ಪಂದ್ಯ ನಡೆಯಿತು.

ಗೋಲ್‌ಕೀಪರ್ ಅಮರಿಂದರ್ ಸಿಂಗ್ ಹಳದಿ ಕಾರ್ಡುಗಳ ಲೆಕ್ಕದಿಂದಾಗಿ ಫೈನಲ್ ಆಡುವಂತಿರಲಿಲ್ಲ. ಬದಲಿಗೆ ನಿಂತ ಲಾಲ್‌ತುಅಮ್ಮಾವಿಯಾ ರಾಲ್ಟೆ ಚೆನ್ನಾಗಿಯೇ ಆಡಿದರು, ಸೋಲನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. 71ನೇ ನಿಮಿಷದಲ್ಲಿ ಅಮ್ಜದ್ ರಾಧಿ ಕೊಟ್ಟ ಪಾಸನ್ನು ಹಮ್ಮಾದಿ ಅಹ್ಮದ್ ಗೋಲಾಗಿಸಿದರು. ಅದೇ 1–0 ಉಳಿಯಿತು. ಹಮ್ಮಾದಿ ಆ ಟೂರ್ನಿಯಲ್ಲಿ ಹೊಡೆದ ಗೋಲು ಒಟ್ಟು 16. ಅಂಥವರ ಕಾಲಿಗೆ ಚೆಂಡು ಹೋಗದಂತೆ ಪಾಸನ್ನೇ ತಡೆಯಬೇಕು. 70 ನಿಮಿಷ ತಡೆದುನಿಂತ ತಂಡ ಒಮ್ಮೆ ತಪ್ಪಿತು. ಆ ಇರಾಕ್ ಕ್ಲಬ್ 2017, 2018ರಲ್ಲೂ ಕಪ್ ಗೆದ್ದದ್ದನ್ನು ನೋಡಿದರೆ ಎದುರಾಳಿ ಎಂಥವರೆಂದು ತಿಳಿಯುತ್ತದೆ.

ಪ್ರಶ್ನೆ: ಬಿಎಫ್‌ಸಿಯಲ್ಲಿ ಎಷ್ಟು ವಿದೇಶಿಯರು ಆಡಬಹುದಿತ್ತು? (ಕಲಬುರಗಿಯ ಓದುಗರು)

ಉತ್ತರ: ನಾಲ್ವರು. ಯಾವ ದೇಶದವರಾದರೂ ಮೂವರು, ಜೊತೆಗೆ ಏಷ್ಯಾ ಒಕ್ಕೂಟದ ದೇಶದವರೊಬ್ಬರು. ಇಂಗ್ಲೆಂಡಿನ ಜಾನ್ ಜಾನ್ಸನ್, ಸ್ಪೇನಿನ ಹುವಾನನ್ ಮತ್ತು ಆಲ್ವಾರೊ ರುಬಿಯೊ ಮೂವರಾದರೆ, ಏಷ್ಯಾದ ಸ್ಥಾನದಲ್ಲಿ ಕ್ಯಾಮರಾನ್ ವಾಟ್ಸನ್. ಅವರ ದೇಶ ಆಸ್ಟ್ರೇಲಿಯಾ 2006ರಿಂದ ಏಷ್ಯಾ ಒಕ್ಕೂಟದಲ್ಲೇ ಇದೆ.

ಪ್ರಶ್ನೆ: ನಮ್ಮ ಕ್ಲಬ್ ಈ ಸಲ ಸೆಮಿಫೈನಲ್‌ಗಳನ್ನು ಎರಡೆರಡು ಪಂದ್ಯವಾಗಿ ಆಡಿಸಬೇಕೆಂದಿದೆ. ಜಗಳ ಬಾರದಂತೆ ನಿಯಮ ಹೇಗೆ ಬರೆಯಬೇಕು? (ಮಡಿಕೇರಿಯ ಕ್ಲಬ್ ಕಾರ್ಯದರ್ಶಿ)

ಉತ್ತರ: ಹೊರಗಿನ ಗೋಲಿನ ನಿಯಮ ಬೇಡ. ಯುರೋಪಿನ ಒಕ್ಕೂಟವೇ 2021–22ರಿಂದ ಅದನ್ನು ಕೈಬಿಟ್ಟಿದೆ. ಎರಡೂ ಪಂದ್ಯ ಒಂದೇ ಮೈದಾನದಲ್ಲಿ ನಡೆಯುವುದಾದರಂತೂ ಅದಕ್ಕೆ ಅರ್ಥವೇ ಇಲ್ಲ. ಇಟ್ಟುಕೊಳ್ಳಲೇಬೇಕೆಂದರೆ, ‘ಹೊರಗಿನ ಗೋಲಿಗೆ ಎರಡು ಲೆಕ್ಕ’ ಎಂದು ಮಾತ್ರ ಬರೆಯಬೇಡಿ. ಮೊದಲ ಪಂದ್ಯ 3–2, ಎರಡನೆಯದು 0–0 ಎಂದುಕೊಳ್ಳಿ. ಹೊರಗಿನ ಗೋಲಿಗೆ ಎರಡು ಲೆಕ್ಕ ಹಾಕಿದರೆ ಸೋತ ತಂಡವೇ 4–3ರಿಂದ ಮುಂದೆ ಎಂದು ವಾದ ಹೂಡಬಹುದು. ಆದರೆ ಮೊದಲು ತವರಿನಲ್ಲಿ ಗೆದ್ದ ತಂಡ ಒಟ್ಟು 3–2ರಿಂದ ಮುಂದಿದೆ, ಮಾತು ಅಲ್ಲಿಗೇ ಮುಗಿಯಿತು. ಒಟ್ಟು ಗೋಲು ಸಮವಾದಾಗ ಮಾತ್ರ ಹೊರಗಿನ ಗೋಲು ನೋಡಬೇಕು, ಅದೂ ಸಮವಾದರೆ ಹೆಚ್ಚುವರಿ ಸಮಯ, ಆಮೇಲೆ ಪೆನಾಲ್ಟಿ. ಈ ಕ್ರಮವನ್ನು ಇದೇ ಸಾಲಿನಲ್ಲಿ ಬರೆದು, ಮೊದಲ ಪಂದ್ಯಕ್ಕೆ ಮುಂಚೆಯೇ ಎರಡೂ ನಾಯಕರ ಸಹಿ ಹಾಕಿಸಿ.

ಹೆಚ್ಚುವರಿ ಸಮಯದ ಗೋಲುಗಳಿಗೂ ಹೊರಗಿನ ಗೋಲಿನ ನಿಯಮ ಅನ್ವಯಿಸುತ್ತದೋ ಇಲ್ಲವೋ ಎಂದೂ ಸೇರಿಸಿ. ಸಾಮಾನ್ಯವಾಗಿ ಇದನ್ನೇ ಮರೆಯುತ್ತಾರೆ. ಹಳದಿ ಕಾರ್ಡು ಎಷ್ಟಾದರೆ ಒಂದು ಪಂದ್ಯ ನಿಷೇಧ, ಯಾವ ಹಂತದಲ್ಲಿ ಹಳೆಯ ಕಾರ್ಡು ರದ್ದು ಎಂಬುದೂ ಇರಲಿ. ಕಾರ್ಡಿನ ಪಟ್ಟಿಯನ್ನು ಪ್ರತಿ ಪಂದ್ಯ ಮುಗಿದ ಸಂಜೆಯೇ ಎಲ್ಲ ತಂಡಗಳಿಗೂ ಕೊಡಿ. ಫೈನಲ್‌ನ ದಿನ ಬೆಳಿಗ್ಗೆ ಗೋಲ್‌ಕೀಪರ್ ಆಡುವಂತಿಲ್ಲ ಎಂದು ತಿಳಿದರೆ ಯಾವ ತಂಡವೂ ಸುಮ್ಮನಿರುವುದಿಲ್ಲ.