ಅಜ್ಜಿ ಮೊದಲಿನ ಹಾಗೇ ಮಾತಾಡಲಿ

ಓದುಗರೊಬ್ಬರ ಪತ್ರದಿಂದ:

"ನನ್ನ ಮಗನಿಗೆ ಮೂರೂವರೆ ವರ್ಷ. ಎರಡು ತಿಂಗಳ ಹಿಂದೆ ಆಟಿಸಂ ಎಂದು ಹೇಳಿದರು. ಥೆರಪಿಗೆ ಹೋಗುವ ಕಡೆ, 'ಇಂಥ ಮಕ್ಕಳಿಗೆ ಎರಡು ಭಾಷೆ ಗೊಂದಲ. ಹೇಗೂ ಸ್ಕೂಲು ಇಂಗ್ಲಿಷ್ ಮೀಡಿಯಂ, ಮನೆಯಲ್ಲೂ ಇಂಗ್ಲಿಷೇ ಮಾತಾಡಿ' ಅಂದರು. ಕೆಲವು ವರ್ಷಗಳ ಹಿಂದೆ ನಿಮ್ಮ ಪತ್ರಿಕೆಯ ಮಕ್ಕಳ ಆರೋಗ್ಯ ಅಂಕಣದಲ್ಲೂ ಹೀಗೇ ಬಂದಿತ್ತು, ಕತ್ತರಿಸಿ ಇಟ್ಟುಕೊಂಡಿದ್ದೇನೆ. ನನಗೂ ನಮ್ಮ ಯಜಮಾನರಿಗೂ ಆಫೀಸಿನ ಇಂಗ್ಲಿಷ್ ಬರುತ್ತದೆ, ಮಗುವನ್ನು ಮುದ್ದು ಮಾಡುವ ಇಂಗ್ಲಿಷ್ ಬರುವುದಿಲ್ಲ. ತಿಪಟೂರಿನಿಂದ ಬಂದಿರುವ ನಮ್ಮ ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಗೊತ್ತಿಲ್ಲ. ತಮ್ಮಿಂದ ಮೊಮ್ಮಗನಿಗೆ ತೊಂದರೆಯಾದೀತೆಂದು ಅವನೆದುರು ಮಾತಾಡುವುದನ್ನೇ ಬಿಟ್ಟಿದ್ದಾರೆ. ಮಗು ನಾವು ಕೇಳಿದ್ದನ್ನೇ ತಿರುಗಿ ಹೇಳುತ್ತದೆ. ಆದರೆ ಮೊಬೈಲ್ ನೋಡಿ ಎಬಿಸಿಡಿ, ಬಣ್ಣಗಳ ಹೆಸರು ಎಲ್ಲ ಇಂಗ್ಲಿಷಿನಲ್ಲೇ ಕಲಿತಿದೆ. ಹಾಗಾದರೆ ಅವರು ಹೇಳಿದ್ದೇ ಸರಿಯೇ? ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಬಸುರಿಯಿದ್ದಾಗ ನಾನೇನು ತಪ್ಪು ಮಾಡಿದೆ ಎಂದು ಯೋಚಿಸುತ್ತ ಮಲಗಿರುತ್ತೇನೆ."
— ಹೆಸರು ಬೇಡ, ಬೆಂಗಳೂರು

ಪ್ರೀತಿಯ ಸೋದರಿ,

ನಿಮ್ಮ ಪತ್ರ ಓದುತ್ತ ಅತ್ತೆಯವರ ಬಗ್ಗೆ ಬರೆದ ಸಾಲಿಗೆ ಬಂದು ನಿಂತುಬಿಟ್ಟೆ. ಮೊಮ್ಮಗನ ಮೇಲಿನ ಅಕ್ಕರೆಗೇ ಒಬ್ಬ ಅಜ್ಜಿ ಬಾಯಿ ಕಟ್ಟಿಕೊಂಡು ಕೂರುವುದೆಂದರೆ! ಉಳಿದದ್ದೆಲ್ಲ ಆಮೇಲೆ. ಇವತ್ತು ಸಂಜೆಯೇ ಅವರ ಪಕ್ಕ ಕೂತು ಹೇಳಿ: "ಅತ್ತೆ, ನಿಮ್ಮ ಮಾತಿನಿಂದ ಅವನಿಗೆ ಯಾವ ತೊಂದರೆಯೂ ಇಲ್ಲವಂತೆ. ಮೊದಲಿನ ಹಾಗೇ ಮಾತಾಡಿಸಿ."

ಎರಡನೆಯದು, ನೀವು ಕತ್ತರಿಸಿಟ್ಟುಕೊಂಡ ಆ ತುಣುಕಿನ ವಿಷಯ. ಹಳೆಯ ಸಂಚಿಕೆ ತೆಗೆದು ನೋಡಿದೆ. ಮಾತು ತಡವಾದ ಮಕ್ಕಳಿಗೆ ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದು ನಾವು ಅಚ್ಚು ಹಾಕಿದ್ದು ನಿಜ. ಅದಕ್ಕೆ ಆಧಾರವೇನು ಎಂದು ಬರೆದವರನ್ನು ಕೇಳದೆ ಪುಟಕ್ಕೆ ಕಳಿಸಿದ್ದು ನಾನೇ. ಅದು ತಪ್ಪು. ನಿಮ್ಮಲ್ಲೂ, ಆ ಮಾತು ನಂಬಿ ಮನೆಮಾತು ಬಿಟ್ಟ ಬೇರೆ ಯಾರಾದರೂ ಇದ್ದರೆ ಅವರಲ್ಲೂ ಕ್ಷಮೆ ಕೇಳುತ್ತೇನೆ. ಆ ತುಣುಕನ್ನು ತೆಗೆದುಹಾಕಿ, ಬೇಕೆನಿಸಿದರೆ ಈ ಪುಟವನ್ನು ಆ ಜಾಗದಲ್ಲಿಡಿ.

ಆ ಸಲಹೆ ಕೇಳುವುದಕ್ಕೆ ಸರಿಯೆನಿಸುತ್ತದೆ, ಅದೇ ಅದರ ಅಪಾಯ. ಆಟಿಸಂ ಎಂದರೆ ಜನರೊಂದಿಗೆ ಬೆರೆಯುವುದು, ಮಾತಾಡುವುದು ಕಷ್ಟವಾಗುವಂತೆ ಮಿದುಳು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ಒಂದು ಕೊಡ ಎತ್ತಲು ಕಷ್ಟಪಡುವ ಮಗುವಿನ ತಲೆಯ ಮೇಲೆ ಎರಡನೆಯ ಕೊಡ ಯಾಕೆ ಎಂದು ಯಾರಿಗಾದರೂ ತೋರುತ್ತದೆ. ಆದರೆ ಮಕ್ಕಳನ್ನು ಕೂರಿಸಿಕೊಂಡು ಪರೀಕ್ಷಿಸಿ ನೋಡಿದವರಿಗೆ ಹಾಗೆ ಕಂಡುಬಂದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕ್ಯಾಥರೀನ್ ಹ್ಯಾಂಬ್ಲಿ ಮತ್ತು ಎರಿಕ್ ಫಾಂಬಾನ್ ಆಟಿಸಂ ಇರುವ 75 ಮಕ್ಕಳ ಭಾಷೆಯನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಕೆಲವರದು ಒಂದೇ ಭಾಷೆಯ ಮನೆ, ಕೆಲವರದು ಎರಡು ಭಾಷೆಯದು. ಎರಡು ಭಾಷೆ ಕೇಳಿ ಬೆಳೆದವರಿಗೆ ಅದರಿಂದಾಗಿ ಮಾತು ಇನ್ನಷ್ಟು ತಡವಾದದ್ದು ಕಾಣಲಿಲ್ಲ. ಅದೇ ವರ್ಷ ಅದೇ ದೇಶದಿಂದ ಇನ್ನೊಂದು ಚಿಕ್ಕ ಅಧ್ಯಯನ ಬಂತು: ಚೀನೀ ಮತ್ತು ಇಂಗ್ಲಿಷ್ ಎರಡನ್ನೂ ಕೇಳುತ್ತ ಬೆಳೆದ ಆಟಿಸಂನ 14 ಮಕ್ಕಳು, ಬರೀ ಇಂಗ್ಲಿಷಿನ 14 ಮಕ್ಕಳು. ಎರಡೂ ಭಾಷೆಯ ಪದಗಳನ್ನು ಕೂಡಿಸಿ ಎಣಿಸಿದಾಗ ಮೊದಲ ಗುಂಪಿನವರ ಬಾಯಲ್ಲೇ ಹೆಚ್ಚು ಪದಗಳಿದ್ದವು. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಎರಡು ಭಾಷೆಯಿಂದ ಹಾನಿ ಕಾಣಲಿಲ್ಲ ಎಂಬ ಫಲಿತಾಂಶ 2005ರಲ್ಲೇ ಬಂದಿತ್ತು.

ಕೂಡಿಸಿ ಎಣಿಸುವುದು ಎಂದೆನಲ್ಲ, ಅದನ್ನು ನೀವು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಗು ನೀರಿಗೆ 'ನೀರು' ಅಂದು, ಬಾಲಿಗೆ 'ಬಾಲ್' ಅಂದರೆ ಅದಕ್ಕೆ ಎರಡು ಪದ ಬರುತ್ತವೆ. ಇಂಗ್ಲಿಷ್ ಪಟ್ಟಿ ಮಾತ್ರ ಹಿಡಿದು ಕೂತವರಿಗೆ ಒಂದೇ ಕಾಣುತ್ತದೆ. ಎಷ್ಟೋ ಮಕ್ಕಳು ಹೀಗೆ ನಿಜಕ್ಕೂ ಇರುವುದಕ್ಕಿಂತ ಹೆಚ್ಚು ಹಿಂದಿದ್ದಾರೆ ಎನಿಸಿಕೊಳ್ಳುತ್ತಾರೆ. ಮುಂದಿನ ಸಲ ಅಸೆಸ್‌ಮೆಂಟ್ ಮಾಡಿಸುವಾಗ ಕನ್ನಡದ ಪದಗಳನ್ನೂ ಬರೆದುಕೊಳ್ಳಿ ಎಂದು ಕೇಳಿ. ಅದಕ್ಕೆ ಮೊದಲು ಒಂದು ವಾರ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ನೀವೂ ಅತ್ತೆಯವರೂ ಅವನು ಆಡಿದ ಪ್ರತಿ ಪದವನ್ನೂ, ಯಾವ ಭಾಷೆಯದಾದರೂ, ಬರೆದಿಡಿ. ಅದನ್ನೇ ತೆಗೆದುಕೊಂಡು ಹೋಗಿ.

ಈ ಅಧ್ಯಯನಗಳಲ್ಲಿ ಮಕ್ಕಳ ಸಂಖ್ಯೆ ಚಿಕ್ಕದು, ಹೆಚ್ಚಿನವು ನಡೆದದ್ದು ಕೆನಡಾ, ಅಮೆರಿಕ, ಬ್ರಿಟನ್‌ಗಳಲ್ಲಿ. ಹಾಗಾಗಿ ಎರಡು ಭಾಷೆ ಕೊಟ್ಟರೆ ಮಗು ಚುರುಕಾಗುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಅದನ್ನೂ ನಂಬಬೇಡಿ. 2017ರಲ್ಲಿ ಆನಾ ಮರಿಯಾ ಗೊನ್ಸಾಲೆಸ್ ಬರ್ರೇರೊ ಮತ್ತು ಅಪರ್ಣಾ ನಾಡಿಗ್ 40 ಮಕ್ಕಳಿಗೆ ಕಂಪ್ಯೂಟರಿನಲ್ಲಿ ಒಂದು ಆಟ ಆಡಿಸಿದರು. ಚಿತ್ರಗಳನ್ನು ಮೊದಲು ಒಂದು ನಿಯಮದಂತೆ, ಆಮೇಲೆ ತಟ್ಟನೆ ಇನ್ನೊಂದು ನಿಯಮದಂತೆ ವಿಂಗಡಿಸುವುದು. ಹೀಗೆ ದಾರಿ ಬದಲಿಸುವುದು ಆಟಿಸಂನ ಮಕ್ಕಳಿಗೆ ಕಷ್ಟ. ಅವರಲ್ಲಿ ಎರಡು ಭಾಷೆ ಬಲ್ಲವರು ಒಂದೇ ಭಾಷೆಯವರಿಗಿಂತ ಚೆನ್ನಾಗಿ ಆಡಿದರು. ಆದರೆ ದಿನನಿತ್ಯದ ನಡವಳಿಕೆಯಲ್ಲಿ ಹೇಗೆ ಎಂದು ತಂದೆತಾಯಿಯರನ್ನು ಕೇಳಿದಾಗ ಅಂಥ ವ್ಯತ್ಯಾಸ ಸಿಗಲಿಲ್ಲ. ಮನೆಮಾತಿನಿಂದ ಹಾನಿಯಿಲ್ಲ ಎಂಬುದಷ್ಟೇ ಇವತ್ತು ಧೈರ್ಯವಾಗಿ ಹೇಳಬಹುದಾದ ಮಾತು. ನಿಮ್ಮ ಮನೆಗೆ ಅಷ್ಟು ಸಾಕು.

ಯಾಕೆಂದರೆ ಮನೆಮಾತು ಬಿಟ್ಟರೆ ಆಗುವ ಹಾನಿಯನ್ನು ಕಂಡವರಿದ್ದಾರೆ. ಅಮೆರಿಕದಲ್ಲಿ ಟಮಾರ್ ಕ್ರೆಮರ್ ಸ್ಯಾಡ್ಲಿಕ್ ಎಂಬ ಸಂಶೋಧಕಿ ಆಟಿಸಂನ ಮಕ್ಕಳಿದ್ದ, ವಲಸೆ ಬಂದ ಕುಟುಂಬಗಳನ್ನು ಹತ್ತಿರದಿಂದ ಗಮನಿಸಿ 2005ರಲ್ಲಿ ಬರೆದರು. ಆ ಮನೆಗಳಿಗೂ ಇಂಗ್ಲಿಷ್ ಮಾತ್ರ ಸಾಕೆಂಬ ಸಲಹೆಯೇ ಸಿಕ್ಕಿತ್ತು. ತಂದೆತಾಯಿ ಮಗುವಿನ ಜೊತೆ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುತ್ತಾರೆ, ತಮ್ಮತಮ್ಮೊಳಗೆ ತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಆ ಮಾತು ಮಗುವಿನ ತಲೆಯ ಮೇಲಿಂದ ಹಾದುಹೋಗುತ್ತದೆ. ಜನರೊಂದಿಗೆ ಬೆರೆಯುವುದೇ ಕಷ್ಟವಾದ ಮಗುವನ್ನು ಅದರ ಮನೆಯವರ ಮಾತಿನಿಂದಲೇ ಹೊರಗೆ ಕೂರಿಸಿದಂತಾಗುತ್ತದೆ. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದೂ ಅದೇ.

ನೀವು ಬರೆದ ಇನ್ನೊಂದು ಮಾತು, 'ಮುದ್ದು ಮಾಡುವ ಇಂಗ್ಲಿಷ್ ಬರುವುದಿಲ್ಲ' ಎಂಬುದು, ನೀವಂದುಕೊಂಡದ್ದಕ್ಕಿಂತ ದೊಡ್ಡದು. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಟ್ಟಿಗೆ ನಡೆದ ಒಂದು ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಆಟಿಸಂ ಇರುವ 65 ಮಕ್ಕಳು ಅದರಲ್ಲಿದ್ದರು. ಅರ್ಧದಷ್ಟು ಕುಟುಂಬಗಳಿಗೆ ಆರು ತಿಂಗಳಲ್ಲಿ 12 ಭೇಟಿ. ಕಲಿಸಿಕೊಟ್ಟವರು ತಜ್ಞ ವೈದ್ಯರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಂಥವರು. ತಾಯಿಯೋ ತಂದೆಯೋ ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ಆಮೇಲೆ ಅವರ ಜೊತೆಗೇ ಕೂತು ನೋಡುತ್ತಿದ್ದರು. ಇಲ್ಲಿ ಮಗು ಏನು ನೋಡುತ್ತಿತ್ತು? ಆಗ ನೀವು ಏನಂದಿರಿ? ಒಂದು ಕ್ಷಣ ಕಾದಿದ್ದರೆ? ಇಷ್ಟೇ ಪಾಠ. ಇದರಿಂದ ತಂದೆತಾಯಿ ಮಗುವಿನ ಗಮನಕ್ಕೆ ಹೊಂದಿಕೊಂಡು ಪ್ರತಿಕ್ರಿಯಿಸುವುದು ಹೆಚ್ಚಿತು, ಮಗು ತಾನಾಗಿ ಅವರ ಕಡೆ ತಿರುಗುವುದೂ ಹೆಚ್ಚಿತು.

ನಿಮ್ಮ ಮಗ ಸ್ಟೀಲ್ ಡಬ್ಬದ ಮುಚ್ಚಳ ನೆಲದ ಮೇಲೆ ತಿರುಗಿಸುತ್ತ ಕೂತಿದ್ದಾನೆ ಅಂದುಕೊಳ್ಳಿ. ಅವನನ್ನು ಅಲ್ಲಿಂದ ಎಬ್ಬಿಸಿ ಚಾರ್ಟಿನ ಮುಂದೆ ಕೂರಿಸಬೇಡಿ. ನೀವೂ ನೆಲಕ್ಕೆ ಕೂರಿ. ಸುಮ್ಮನೆ ನೋಡಿ. ಮುಚ್ಚಳ ಸುತ್ತುವಾಗ 'ತಿರುಗ್ತು... ತಿರುಗ್ತು...' ಅನ್ನಿ. ಅದು ಟಣಟಣ ಎಂದು ಮಲಗಿದಾಗ 'ಬಿತ್ತು!' ಅನ್ನಿ. ಕಾಯಿರಿ. ಅವನು ಅರೆಗಳಿಗೆ ನಿಮ್ಮ ಮುಖ ನೋಡಿಯಾನು. ಆ ಅರೆಗಳಿಗೆಯಲ್ಲಿ ನಿಮ್ಮ ಬಾಯಿಂದ ಬರಬೇಕಾದ ಮಾತು ತಲೆಯಲ್ಲಿ ವಾಕ್ಯ ಜೋಡಿಸಿ ಬರುವ ಮಾತಾದರೆ ಗಳಿಗೆ ಮೀರಿರುತ್ತದೆ. ಕನ್ನಡದ ಅನುಕೂಲ ನೋಡಿ: 'ಬಿತ್ತು' ಅಂದರೆ ಸಾಕು, ಒಂದು ಪದವೇ ಇಡೀ ವಾಕ್ಯ. ನಿಮ್ಮ ಅತ್ತೆ ಇದನ್ನೆಲ್ಲ ಯಾವ ತರಬೇತಿಯೂ ಇಲ್ಲದೆ ಮಾಡುತ್ತಿದ್ದವರು ಎಂದು ನನ್ನ ಊಹೆ. ಅಂಗೈಯಲ್ಲಿ ಬೆರಳಾಡಿಸಿ ತೋಳಿನವರೆಗೂ ನಡೆಸಿ ಕಚಗುಳಿ ಇಡುವ ಆಟದಲ್ಲಿ, ಕಚಗುಳಿಗೆ ಮುಂಚೆ ಅಜ್ಜಿಯರು ಬೇಕೆಂದೇ ಬೆರಳು ನಿಲ್ಲಿಸಿ ಕಾಯುತ್ತಾರಲ್ಲ, ಆ ಕಾಯುವುದೇ ಆ ಭೇಟಿಗಳಲ್ಲಿ ಕಲಿಸಿದ್ದು.

ಕೇಳಿದ್ದನ್ನೇ ತಿರುಗಿ ಹೇಳುತ್ತಾನೆ ಎಂದಿರಿ. ಇದನ್ನು ಬರೀ ಗಿಳಿಪಾಠ ಎಂದು ತಳ್ಳಿಹಾಕುತ್ತಿದ್ದ ಕಾಲವಿತ್ತು. 1981ರಲ್ಲಿ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡೂಕನ್ ಮಕ್ಕಳ ಇಂಥ ಮಾತನ್ನು ಸನ್ನಿವೇಶದ ಜೊತೆಗಿಟ್ಟು ನೋಡಿದಾಗ, ಅದರಲ್ಲಿ ಕೇಳಿಕೆ, ಒಪ್ಪಿಗೆ, ಸರದಿ ಕಾಯ್ದುಕೊಳ್ಳುವುದು ಎಲ್ಲ ಇದ್ದವು. 'ಹಾಲು ಬೇಕಾ?' ಎಂದು ನೀವು ಕೇಳಿದಾಗ ಅವನೂ 'ಹಾಲು ಬೇಕಾ?' ಅಂದು ಲೋಟದ ಕಡೆ ನೋಡಿದರೆ, ಬೇಕು ಎಂದೇ ಹೇಳಿದ್ದಾನೆ. ತಿದ್ದಲು ಹೋಗಬೇಡಿ. ಅವನ ಪರವಾಗಿ ನೀವೇ 'ಹಾಲು ಬೇಕು' ಅಂದು ಲೋಟ ಕೊಡಿ.

ಇನ್ನು ಮೊಬೈಲಿನ ಇಂಗ್ಲಿಷ್. ನಿಮ್ಮ ಪ್ರಶ್ನೆಯಲ್ಲಿ ಕಷ್ಟದ ಭಾಗ ಇದು, ಹಾರಿಸಿ ಹೋಗುವುದಿಲ್ಲ. ಆಟಿಸಂ ಇರುವ ಕೆಲವು ಮಕ್ಕಳು ಮನೆಯಲ್ಲಿ ಯಾರೂ ಆಡದ ಭಾಷೆಯನ್ನು ಪರದೆಯಿಂದ ಕಲಿಯುವುದು ನಿಜವಾಗಿ ಕಂಡಿದೆ. ಟ್ಯುನೀಷಿಯಾದಲ್ಲಿ ಮನೆ ಬೀದಿಗಳಲ್ಲಿ ಆಡುವುದು ಅಲ್ಲಿನ ಆಡುಮಾತಿನ ಅರಬ್ಬಿ. ಗ್ರಂಥಸ್ಥ ಅರಬ್ಬಿ ಯಾರ ಮನೆಮಾತೂ ಅಲ್ಲ, ಅದು ಪುಸ್ತಕದ್ದು, ಸುದ್ದಿಯದು, ಟಿವಿ ಕಾರ್ಟೂನುಗಳದು. ಅಲ್ಲಿನ ಆಟಿಸಂ ಮಕ್ಕಳಲ್ಲಿ ಕೆಲವರು ಆ ಗ್ರಂಥಸ್ಥ ಅರಬ್ಬಿಯನ್ನೇ ಆಡುತ್ತಾರೆಂದು ಮಿಖಾಯಿಲ್ ಕಿಸ್ಸಿನ್ ಮತ್ತು ಜೊತೆಗಾರರು 2019ರಲ್ಲಿ ಬರೆದರು. ಪರದೆಯ ಮಾತು ಪ್ರತಿ ಸಲವೂ ಅದೇ ದನಿಯಲ್ಲಿ ಅದೇ ರೀತಿ ಬರುತ್ತದೆ, ಮರುಮಾತು ಕೇಳುವುದಿಲ್ಲ, ಬೇಕೆಂದಾಗ ಮತ್ತೆ ಹಚ್ಚಬಹುದು. ಜನರ ಮುಖ ನೋಡಿ ಕಲಿಯುವುದು ಶ್ರಮವೆನಿಸುವ ಮಗುವಿಗೆ ಅದು ಹಗುರ ಎಂದು ನನಗೆ ತೋರುತ್ತದೆ.

ಆದ್ದರಿಂದ ಅವನ ಇಂಗ್ಲಿಷನ್ನು ಕಸಿದುಕೊಳ್ಳಬೇಡಿ. 'ರೆಡ್' ಅಂದರೆ 'ಹೂಂ, ರೆಡ್! ಕೆಂಪು ಬಸ್ಸು!' ಅಂದು ಖುಷಿಪಡಿ. ಮುಂದೆ ಅವನಿಗೆ ಇಂಗ್ಲಿಷೇ ಹೆಚ್ಚು ಸಲೀಸಾದರೆ ಆಗಲಿ, ಅವನ ದಾರಿ ಅವನದು. ಆದರೆ ಬಣ್ಣದ ಹೆಸರು ಹೇಳಲು ಬಂದ ಭಾಷೆಯಲ್ಲಿ ಹೊಟ್ಟೆನೋವು ಎಂದು ಹೇಳಲೂ ಬರುತ್ತದೆಂದು ತಿಳಿಯಬೇಡಿ. ಅದನ್ನು ಅವನು ಯಾರಿಗಾದರೂ ಹೇಳಬೇಕು, ಆ ಯಾರೋ ಒಬ್ಬರು ಸಲೀಸಾಗಿ ಮರುಮಾತಾಡಬೇಕು. ಅವನು ಯಾವ ಭಾಷೆಯಲ್ಲಿ ಬಂದರೂ ನೀವು ಕನ್ನಡದಲ್ಲಿ ಎದುರುಗೊಳ್ಳಿ. ಶಾಲೆ ಇಂಗ್ಲಿಷ್ ಮೀಡಿಯಂ ಆದರೂ ಚಿಂತೆಯಿಲ್ಲ. ಥೆರಪಿಸ್ಟ್ ಜೊತೆ ಜಗಳವೂ ಬೇಡ. ಅವರ ಅರ್ಧ ಗಂಟೆ ಅವರ ಭಾಷೆಯಲ್ಲಿ ನಡೆಯಲಿ, ಕನ್ನಡ ಬಲ್ಲ ಥೆರಪಿಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಮನೆಯ ಭಾಷೆ ಯಾವುದೆಂಬ ತೀರ್ಮಾನ ಮನೆಯವರದು.

ಈಗ ನಿಮ್ಮ ನಿದ್ದೆಯ ವಿಷಯ. ತಾಯಂದಿರಿಗೆ ಈ ಪಾಪಭಾರ ಹೊರಿಸಿದ್ದು ಒಂದು ಕಾಲದ ವೈದ್ಯರೇ. 1943ರಲ್ಲಿ ಬಾಲ್ಟಿಮೋರಿನ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಮೇಲೆ ಆಟಿಸಂ ವೈದ್ಯಲೋಕದಲ್ಲಿ ಬೇರೆಯದೇ ಸ್ಥಿತಿಯಾಗಿ ನೆಲೆಯೂರಿತು. ಅದರ ಹಿಂದೆಯೇ, ತಾಯಿಯ ಪ್ರೀತಿಯ ಕೊರತೆಯಿಂದ ಹೀಗಾಗುತ್ತದೆ ಎಂಬ ವಾದ ಹಬ್ಬಿತು. 'ಫ್ರಿಜ್ಜಿನಂಥ ತಾಯಿ' ಎಂದು ಹೆಸರೂ ಇಟ್ಟರು. ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಆ ಮಾತು ನುಂಗಿಕೊಂಡು ಬದುಕಿದರೋ. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಯಲ್ಲಿ 4 ಜೋಡಿಯ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಯಲ್ಲದ 10 ಜೋಡಿಯಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ತದ್ರೂಪಿಗಳ ವಂಶವಾಹಿಗಳು (ಜೀನ್‌ಗಳು) ಒಂದೇ ಆಗಿರುತ್ತವೆ; ಆಟಿಸಂನ ಬೇರು ಬಹುಪಾಲು ಆ ವಂಶವಾಹಿಗಳಲ್ಲೇ ಇದೆ ಎಂದು ಆಮೇಲಿನ ದೊಡ್ಡ ಅಧ್ಯಯನಗಳೂ ತೋರಿಸಿವೆ. ನಿಮ್ಮ ಅಕ್ಕರೆ ಕಡಿಮೆಯಾಗಿ ಹೀಗಾಯಿತು ಎಂದು ಯಾರಾದರೂ ಅಂದರೆ ಅದು ಸುಳ್ಳು. ನಿಮಗೆ ನೀವೇ ಅಂದುಕೊಂಡರೂ ಸುಳ್ಳೇ.

ಆದರೂ ನಿದ್ದೆ ಬಾರದ ರಾತ್ರಿಗಳು ಎರಡು ತಿಂಗಳಿಂದ ನಡೆದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಬಗ್ಗೆ ಹೇಳದೆ ಬರೀ ನಿಮ್ಮ ಬಗ್ಗೆ ಹೇಳಿಕೊಂಡರೂ ಆಗುತ್ತದೆ.

ಇದನ್ನು ಓದುವ ಬೇರೆ ಮನೆಗಳಿಗೂ ಒಂದು ಮಾತು. ಮನೆಮಾತು ಬಿಡಬೇಡಿ ಎಂದದ್ದು, ಸುಮ್ಮನೆ ಕಾಯಿರಿ ಎಂದು ಹೇಳಿದ್ದಲ್ಲ. 'ಗಂಡುಮಕ್ಕಳು ಮಾತಾಡೋದು ತಡ, ಅವರಪ್ಪನೂ ಹಾಗೇ ಇದ್ದ' ಎಂದು ವರ್ಷ ಕಳೆಯಬೇಡಿ. ವರ್ಷ ತುಂಬಿದರೂ ತೊದಲು ಶಬ್ದಗಳಿಲ್ಲ, ಹದಿನಾರು ತಿಂಗಳಾದರೂ ಒಂದು ಪದವಿಲ್ಲ, ಎರಡು ವರ್ಷವಾದರೂ ತಾನಾಗಿ ಎರಡು ಪದ ಕೂಡಿಸುವುದಿಲ್ಲ, ಅಥವಾ ಯಾವ ವಯಸ್ಸಿನಲ್ಲಾದರೂ ಬಂದ ಮಾತು ನಿಂತುಹೋಯಿತು ಅಂದರೆ ತೋರಿಸಿ. ಮೊದಲು ಕಿವಿ ಪರೀಕ್ಷೆಯಾಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಅಂಗನವಾಡಿ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಪರೀಕ್ಷಿಸಬೇಕು. ಆ ದಿನ ಮಗುವನ್ನು ತಪ್ಪಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಮಾಡಿಸಲು ಯಾರೂ ನಾಚಬೇಕಿಲ್ಲ.

ಇನ್ನೊಂದು ಹತ್ತು ಹನ್ನೆರಡು ವರ್ಷಕ್ಕೆ ನಿಮ್ಮ ಮಗ ಹರೆಯಕ್ಕೆ ಬರುತ್ತಾನೆ. ಉಳಿದವರ ಹಾಗೆ ಕಾಣಬೇಕೆಂದು ತಮ್ಮ ಸ್ವಭಾವ ಮುಚ್ಚಿಟ್ಟು ದಿನವಿಡೀ ನಟಿಸುವ ಆಟಿಸಂನ ಯುವಜನರು ಎಷ್ಟು ದಣಿಯುತ್ತಾರೆ, ಮನಸ್ಸಿಗೆ ಎಷ್ಟು ಪೆಟ್ಟು ತಿನ್ನುತ್ತಾರೆ ಎಂಬುದನ್ನು ಈಚಿನ ವರ್ಷಗಳ ಸಂಶೋಧನೆ ಮತ್ತೆ ಮತ್ತೆ ಹೇಳುತ್ತಿದೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲಾದರೂ ಆ ನಟನೆಯನ್ನು ಕಳಚಿಡಲು ಅವನಿಗೊಂದು ಜಾಗ ಬೇಕು. ಅಜ್ಜಿಗೆ ಅರ್ಥವಾಗುವ ಮಾತು ಅವನಿಗೆ ಬರುತ್ತಿರಬೇಕು ಎಂದು ನಾನು ಇಷ್ಟು ಒತ್ತಿ ಬರೆಯುತ್ತಿರುವುದು ಅದಕ್ಕೂ ಹೌದು.

ಅತ್ತೆಯವರಿಗೆ ಈ ಪುಟವನ್ನು ಓದಿ ಹೇಳಿ. ಕೇಳಬೇಕಾದ್ದು ಏನಾದರೂ ಇದ್ದರೆ ಅವರು ಹೇಳಲಿ, ನೀವು ಬರೆದು ಕಳಿಸಿ. ಕ್ಯಾಲೆಂಡರಿನ ಹಿಂದಿನ ಪಟ್ಟಿಯಲ್ಲಿ ಎಷ್ಟು ಪದ ಸೇರಿದವು ಎಂಬುದನ್ನೂ ತಿಳಿಸಿ.

— ಸಂ.